ಸೌದಾಮಿನಿಯಮ್ಮನ ಮನೆಯ ಬಡಿಸುವ ಆಚಾರ

ಕ್ಯುಪರ್ಟಿನೋದ ಕನ್ನಡಿಗರಲ್ಲಿ ಸೌದಾಮಿನಿಯಮ್ಮನ ಮನೆಯ ಊಟಕ್ಕೆ ದೊಡ್ಡ ಹೆಸರು. ಅಲ್ಲಿನ ಕಟ್ಟುನಿಟ್ಟಿಗೆ ಇನ್ನೂ ದೊಡ್ಡ ಹೆಸರು. ತಟ್ಟೆ ಮೇಜಿನ ಅಂಚಿನಿಂದ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಒಳಗಿರಬೇಕು. ಬಡಿಸುವವರು ಎಡಗಡೆಯಿಂದಲೇ ಬರಬೇಕು, ಎಡ ಮುಂಗೈ ಮೇಲೆ ಮಡಿಸಿದ ಬಿಳಿ ವಸ್ತ್ರ ಇರಬೇಕು, ಬಾಯಿ ಮುಚ್ಚಿರಬೇಕು. "ನಮ್ಮ ಕುಟುಂಬದ ಆಚಾರ, ತಪ್ಪಿದರೆ ದೈವಕ್ಕೆ ಆಗುವುದಿಲ್ಲ" ಎಂದು ಅವರು ಹೇಳಿದ್ದನ್ನು ನಂಬಿ, ಮೈಸೂರಿನ ಸೊಸೆ ನಿರುಪಮಾ ಇಪ್ಪತ್ತೆಂಟು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಬಯೋಟೆಕ್ ಲ್ಯಾಬಿನಲ್ಲಿ ಹತ್ತು ಜನರನ್ನು ಗದರಿಸುವವಳು ಮನೆಯಲ್ಲಿ ತುಟಿಪಿಟಕ್ಕೆನ್ನದೆ ಸಾರು ಬಡಿಸುತ್ತಿದ್ದಳು.

ನಿಜ ಏನೆಂದು ಸೌದಾಮಿನಿಯಮ್ಮನಿಗೆ ಮಾತ್ರ ಗೊತ್ತಿತ್ತು. ಅವರನ್ನು ಎತ್ತಿ ಆಡಿಸಿದ ಅಜ್ಜ ಮಂಗಳೂರಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆಯ ಜೊತೆ ಹಡಗು ಹತ್ತಿ, ಇಂಗ್ಲೆಂಡಿನ ಹಳ್ಳಿಯಲ್ಲಿದ್ದ ಅವನ ಎಪ್ಪತ್ತು ಕೋಣೆಯ ಬಂಗಲೆಯಲ್ಲಿ ಹದಿನಾಲ್ಕು ವರ್ಷ ಊಟ ಬಡಿಸಿದವರು. ಆಚಾರವೆಲ್ಲ ಅಲ್ಲಿನದು. ಆದರೆ ಮದುವೆಯಾದ ಹೊಸದರಲ್ಲಿ, ಗಂಡನ ಮನೆಯವರೆದುರು ಜಂಬಕ್ಕೆ "ಬಂಗಲೆಯ ಮ್ಯಾನೇಜರು" ಎಂದುಬಿಟ್ಟಿದ್ದರು. ಏರಿಸಿದ ಮೇಲೆ ಇಳಿಸುವುದು ಹೇಗೆ? ಐವತ್ತು ವರ್ಷ ಅಜ್ಜ ಮ್ಯಾನೇಜರಾಗಿಯೇ ಉಳಿದರು.

ಆ ಭಾನುವಾರ ಮೊಮ್ಮಗಳು ಲಾಸ್ಯಾಳನ್ನು ಮದುವೆಯಾಗಲಿರುವ ಹುಡುಗನ ಕಡೆಯವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಹುಡುಗನ ತಾತ ಶೇಷಾದ್ರಿ ಮನೆತನದ ಬಗ್ಗೆ ಕೆದಕಿ ಕೆದಕಿ ಕೇಳುವ ಆಸಾಮಿ; ಮ್ಯಾನೇಜರ ಕಥೆಯನ್ನು ಫೋನಿನಲ್ಲೇ ಕೇಳಿ ತಿಳಿದುಕೊಂಡಿದ್ದರು. ಅವರು ಬರುವ ಸ್ವಲ್ಪ ಮುಂಚೆ ಲಾಸ್ಯಾ ಊಟದ ಕೋಣೆಯ ಗೋಡೆಗೆ ದೊಡ್ಡ ಫೋಟೊ ಒಂದನ್ನು ತೂಗುಹಾಕಿದಳು. ಕೆಡವಿಹಾಕಿದ ಇಂಗ್ಲಿಷ್ ಬಂಗಲೆಗಳ ವೆಬ್‌ಸೈಟಿನಲ್ಲಿ ಸಿಕ್ಕಿತಂತೆ, ಅಜ್ಜಿಯ ಆಲ್ಬಮ್ಮಿನಲ್ಲಿ ನೋಡಿದ್ದ ಮುಖವನ್ನು ಗುರುತು ಹಿಡಿದಳಂತೆ. ಮೆಟ್ಟಿಲ ಮೇಲೆ ಸಾಲಾಗಿ ನಿಂತ ಆಳುಕಾಳುಗಳು. ತುದಿಯಲ್ಲಿ, ಕೈಮೇಲೆ ಬಿಳಿ ವಸ್ತ್ರ ಹಾಕಿಕೊಂಡ ಅಜ್ಜ.

"ಸರ್‌ಪ್ರೈಸ್, ಅಜ್ಜಿ! ಸೋ ಹ್ಯಾಂಡ್‌ಸಮ್, ಅಲ್ವಾ?"

ಸೌದಾಮಿನಿಯಮ್ಮ ಫೋಟೊದತ್ತ ಧಾವಿಸಿದರು. "ತೆಗಿ ಮಾರಾಯ್ತಿ! ಅವರು ಬರುವ ಮೊದಲು ತೆಗಿ!"

"ಯಾಕೆ?" ಎಂದಳು ಲಾಸ್ಯಾ. ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಶೇಷಾದ್ರಿ ಕೂರುವ ಮೊದಲೇ ಫೋಟೊದ ಎದುರು ಹೋಗಿ ನಿಂತರು. "ಮ್ಯಾನೇಜರು ಇವರಲ್ಲಿ ಯಾರಮ್ಮಾ?"

ಸೌದಾಮಿನಿಯಮ್ಮ ಅಜ್ಜನ ಮುಖ ನೋಡಿದರು. ಮೀನಿನ ಮುಳ್ಳು ಬಿಡಿಸಿ ತುತ್ತು ಕೊಡುತ್ತಿದ್ದವರು. ಇಂಥವರನ್ನು ಇಷ್ಟು ವರ್ಷ ಬಚ್ಚಿಟ್ಟೆನಲ್ಲ ಎಂದುಕೊಂಡರು.

"ಮ್ಯಾನೇಜರು ಇಲ್ಲ. ನಾನು ಹೇಳಿದ್ದು ಸುಳ್ಳು. ನನ್ನ ಅಜ್ಜ ಅಲ್ಲಿ ಬಡಿಸುವ ಕೆಲಸದಲ್ಲಿದ್ದದ್ದು. ಈ ಆಚಾರ ಎಲ್ಲ ಅಲ್ಲಿಯದ್ದೇ."

ಪಾತ್ರೆ ಹಿಡಿದು ನಿಂತಿದ್ದ ನಿರುಪಮಾ ಬಾಯಿಬಿಟ್ಟಳು. "ಅತ್ತೆ! ಅಂದ್ರೆ ಇಪ್ಪತ್ತೆಂಟು ವರ್ಷ ನಾನು ದೈವಕ್ಕೆ ಹೆದರ್ಕೊಂಡು ಬಟ್ಲರ್ ಟ್ರೇನಿಂಗು ಮಾಡ್ತಿದ್ನಾ?"

ಶೇಷಾದ್ರಿ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡರು. ನಿರುಪಮಾ ನಕ್ಕಳು, ಸೌದಾಮಿನಿಯಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಆಮೇಲೆ ಶೇಷಾದ್ರಿ ಕನ್ನಡಕ ಏರಿಸಿ ಫೋಟೊದ ಕೆಳಗಿನ ಹೆಸರುಗಳನ್ನು ಓದತೊಡಗಿದರು.

"ಇಲ್ಲಿ ಜೇಮ್ಸ್ ಅಂತಿದೆಯಲ್ಲಮ್ಮಾ?"

"ಬಡಿಸುವವನು ಯಾರೇ ಆಗಲಿ, ಆ ಮನೆಯಲ್ಲಿ ಜೇಮ್ಸ್ ಅಂತಲೇ ಕರೆಯುವುದಂತೆ."

"ಮತ್ತೆ ಅವರ ನಿಜವಾದ ಹೆಸರು?"

ಐವತ್ತು ವರ್ಷದಲ್ಲಿ ಮ್ಯಾನೇಜರ ಹೆಸರನ್ನು ಯಾರೂ ಕೇಳಿರಲಿಲ್ಲ. ಸೌದಾಮಿನಿಯಮ್ಮ ಒಳಗಿನಿಂದ ಮಾರ್ಕರ್ ತಂದರು. ಜೇಮ್ಸ್ ಎಂಬುದರ ಮೇಲೆ, ಗಾಜಿನ ಮೇಲೆಯೇ, ದಪ್ಪ ಕನ್ನಡ ಅಕ್ಷರದಲ್ಲಿ ಬರೆದರು: ವೈಕುಂಠ.