ಬಾವುಟ ಬಿಟ್ಟು ಹೊಡೆದ ಗುಂಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಕೂತಿದೆ. ಕಾಲಿಗೆ ರಬ್ಬರ್ ಬೂಟು, ತಲೆಗೆ ಬಿಗಿದ ಬಟ್ಟೆ, ಕೈಯಲ್ಲಿ ಉದ್ದ ಹಿಡಿಯ ಉಕ್ಕಿನ ಕೊಳವೆ. ಆ ಹೆಂಗಸು ಕೊಳವೆಯನ್ನು ಹುಲ್ಲಿಗೆ ಒತ್ತಿ, ಅತ್ತ ಇತ್ತ ತಿರುಗಿಸಿ, ಮೈಭಾರವನ್ನೆಲ್ಲ ಹಾಕಿ ಇಳಿಸುತ್ತಾರೆ. ಮೇಲೆತ್ತಿದರೆ ದುಂಡನೆಯ ಮಣ್ಣಿನ ಹೆಂಟೆ, ತಲೆಯ ಮೇಲಿನ ಹುಲ್ಲು ಸಮೇತ, ಇಡಿಯಾಗಿ ಎದ್ದು ಬರುತ್ತದೆ. ಅದನ್ನು ಒಯ್ದು ನಿನ್ನೆಯ ಗುಂಡಿಗೆ ತುಂಬಿ, ಅಂಗೈಯಿಂದ ತಟ್ಟಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡುತ್ತಾರೆ. ತೇಪೆ ಕಾಣಬಾರದು. ಹೊಸ ಗುಂಡಿಗೆ ಚೆಂಡು ಬೀಳುವ ಬಟ್ಟಲು ಇಳಿಸಿ, ಬಾವುಟ ನೆಟ್ಟು ಮುಂದಕ್ಕೆ ಹೊರಡುತ್ತಾರೆ. ಹೀಗೆ ಹದಿನೆಂಟು ಸಲ.

ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಗ್ರೀನ್ ಅನ್ನುತ್ತಾರೆ. ಗುಂಡಿ ದಿನವೂ ಒಂದೇ ಕಡೆ ಇದ್ದರೆ ತುಳಿತಕ್ಕೆ ಅಲ್ಲಿನ ಹುಲ್ಲು ಸಾಯುತ್ತದೆ, ಆಟವೂ ಸಪ್ಪೆಯಾಗುತ್ತದೆ. ಅದಕ್ಕೇ ದಿನಕ್ಕೊಂದು ಜಾಗ. ಚೆಂಡು ಬಿದ್ದಾಗ ಚಪ್ಪಾಳೆ ತಟ್ಟುವ ಜನ, ಗುಂಡಿ ತಾನಾಗಿಯೇ ಎದ್ದು ಜಾಗ ಬದಲಿಸಿತು ಅಂದುಕೊಂಡಿದ್ದಾರೋ ಏನೋ! ಈ ಹೆಂಗಸಿನ ಹೆಸರು ಅಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಕೆಲಸದವರ ಬಾಯಲ್ಲಿ ಇವರು ಗುಂಡಿಯಕ್ಕ.

ನಾನು ಹೋದದ್ದು ಈ ಕೆಲಸದ ಬಗ್ಗೆ ಬರೆಯೋಣ ಅಂತ. ಅಕ್ಕ ಮೊದಲೇ ಕರಾರು ಹಾಕಿದರು. "ಗುಂಡಿ ತೋಡೋದನ್ನ ಬರೀರಿ, ಬೇಡ ಅನ್ನಲ್ಲ. ಆದ್ರೆ ನಾನು ಆಡ್ತೀನಿ ಅನ್ನೋದನ್ನೂ ಬರೀಬೇಕು. ಪಾಪ ಕಷ್ಟಪಡ್ತಾಳೆ ಅಂತ ಬರೆದು ಕೈತೊಳ್ಕೊಳೋದಾದ್ರೆ ನಿಮ್ಮ ಪೇಪರು ನನಗೆ ಬೇಡ."

ಹೌದು, ಅಕ್ಕ ಆಡುತ್ತಾರೆ. ಬರೀ ಆಡುವುದಲ್ಲ, ಮುಂದಿನ ತಿಂಗಳು ಇದೇ ಮೈದಾನದಲ್ಲಿ ನಡೆಯುವ ಮುಕ್ತ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆ. ಕ್ಲಬ್ಬಿನ ಸದಸ್ಯರೇ ಆಗಬೇಕೆಂದಿಲ್ಲ, ತರಬೇತುದಾರರ ಎದುರು ಆಡಿ ತಕ್ಕ ಅಂಕ ತೋರಿಸಿದರೆ ಯಾರಾದರೂ ಆಡಬಹುದು. ಅಕ್ಕ ತೋರಿಸಿದ್ದಾರೆ. ಆದರೂ ಕೆಲವು ಸದಸ್ಯರು ತಕರಾರು ಎತ್ತಿದರು. ಗುಂಡಿ ತೋಡುವವಳೇ ಆಡಲು ಬಂದರೆ ಅದು ಮೋಸವಲ್ಲವೇ, ಅವಳಿಗೆ ಎಲ್ಲ ಗೊತ್ತಿರುತ್ತದಲ್ಲ, ಅಂತ.

ಈ ಮಾತು ಕೇಳಿದಾಗ ನನಗೇ ಮೈ ಉರಿಯಿತು. ಅಕ್ಕನಿಗೆ ಮಾತ್ರ ನಗು ಬಂತಂತೆ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಕ್ಕ ಇಲ್ಲಿಗೆ ಬಂದದ್ದು ಕಳೆ ಕೀಳುವ ಕೆಲಸಕ್ಕೆ. ಗಂಡ ಲಾರಿ ಡ್ರೈವರು, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ದಿನವಿಡೀ ಬಗ್ಗಿ ಬಗ್ಗಿ ಸೊಂಟ ಬಿದ್ದು ಹೋಗಿತ್ತು. ಮೊದಲು ಗುಂಡಿ ತೋಡುತ್ತಿದ್ದ ಮುದುಕಪ್ಪ ಕೆಲಸ ಬಿಟ್ಟಾಗ, ಅಷ್ಟು ಬೇಗ ಏಳಲು ಯಾರೂ ತಯಾರಿರಲಿಲ್ಲ. ಅಕ್ಕ ಕೈ ಎತ್ತಿದರು. ಹೆಂಗಸಿನ ಕೈಯಲ್ಲಿ ಕೊಳವೆ ಇಳಿಯುವುದಿಲ್ಲ ಅಂತ ಮೇಸ್ತ್ರಿ ಮೂಗು ಮುರಿದ. "ಒತ್ತಿ ತೋರಿಸಿದೆ. ಮಾರನೇ ದಿನದಿಂದ ಕೊಳವೆ ನನ್ನ ಕೈಗೇ ಬಂತು." ಚಳಿಗಾಲದಲ್ಲಿ ನೆಲ ಕಲ್ಲಾಗುತ್ತದೆ, ಬಲ ಮಣಿಕಟ್ಟು ಊದುತ್ತದೆ. ಅದನ್ನು ಕೇಳಿದರೆ "ಅದು ಇದ್ದದ್ದೇ" ಅಂತ ಮಾತು ತೇಲಿಸುತ್ತಾರೆ.

ಆಡುವ ಕೋಲುಗಳು ಬಂದದ್ದು ಕೊಳದಿಂದ! ಸದಸ್ಯರಿಗೆ ಸಿಟ್ಟು ಬಂದರೆ ಕೋಲು ಸೀದಾ ನೀರಿಗೆ. ಹೂಳೆತ್ತುವಾಗ ಸಿಕ್ಕಿದ್ದನ್ನು ಕೆಲಸದವರು ಒಯ್ಯಬಹುದು. ಹಾಗೆ ಒಂದೊಂದೇ ಸೇರಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಹನ್ನೊಂದು ಕೋಲುಗಳು ಅಕ್ಕನ ಎರಡು ಕೋಣೆಯ ಮನೆಯ ಬಾಗಿಲ ಹಿಂದೆ ನಿಂತಿವೆ. "ಅವರ ಸಿಟ್ಟೇ ನನ್ನ ಬಂಡವಾಳ" ಅನ್ನುತ್ತಾರೆ. ಸೋಮವಾರ ಮೈದಾನಕ್ಕೆ ರಜೆ. ಅವತ್ತು ಕೆಲಸ ಮುಗಿಸಿದ ಸಿಬ್ಬಂದಿ ಆಡಬಹುದು.

ಆಡಿದರು, ವರ್ಷಗಟ್ಟಲೆ. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಅಕ್ಕನ ಹೊಡೆತಗಳು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಗ್ರೀನಿನ ಮೇಲೆ ಚೆಂಡು ಉರುಳಿಸುವುದು ನಿನಗೆ ಬರುವುದಿಲ್ಲ ಅಂತ ಕಂಡಕಂಡವರೆಲ್ಲ ಉಪದೇಶ ಮಾಡಿದರು. ಅಕ್ಕ ನಂಬಿ ಒಂದು ವರ್ಷ ಸಂಜೆ ಹೊತ್ತು ಉರುಳಿಸಿದ್ದೇ ಉರುಳಿಸಿದ್ದು. ಏನೂ ಬದಲಾಗಲಿಲ್ಲ.

ಆಗ ಬಾಯಿ ಹಾಕಿದವರು ನಾದಿನಿ. ಗಂಡನ ತಂಗಿ, ಇವರ ಜೊತೆಗೇ ಇರುತ್ತಾರೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುವುದು ಅವರ ಕೆಲಸ. "ಅಂಗಿ ಸರಿಯಿಲ್ಲ ಅಂತ ಇಡೀ ಅಂಗಿಗೆ ಬೈದ್ರೆ ಆಯ್ತಾ ಅತ್ತಿಗೆ? ಹೊಲಿಗೆ ಕಾಲರಿನಲ್ಲಿ ಬಿಟ್ಟಿದ್ಯೋ ತೋಳಿನಲ್ಲಿ ಬಿಟ್ಟಿದ್ಯೋ ನೋಡ್ಬೇಕಲ್ವಾ? ನಾವು ಪ್ರತಿ ತಪ್ಪಿಗೂ ಒಂದು ಚುಕ್ಕಿ ಇಡ್ತೀವಿ. ಚುಕ್ಕಿ ಎಲ್ಲಿ ಗುಂಪು ಕಟ್ಟುತ್ತೋ ಅಲ್ಲೇ ಮಿಷನ್ನು ಕೆಟ್ಟಿರುತ್ತೆ."

ಸೋಮವಾರಗಳಂದು ನಾದಿನಿ ಪಾಳಿ ಬದಲಿಸಿಕೊಂಡು ಜೊತೆಗೆ ನಡೆದರು. ಫೋನಿನಲ್ಲಿ ಪುಕ್ಕಟೆ ಸಿಗುವ ಆ್ಯಪಿನಲ್ಲಿ ಅತ್ತಿಗೆಯ ಪ್ರತಿ ಹೊಡೆತ ದಾಖಲಾಯಿತು. ಯಾವ ಕೋಲು, ಎಲ್ಲಿಂದ, ಎಲ್ಲಿಗೆ, ಚೆಂಡು ಬಿದ್ದಲ್ಲಿ ಒಂದು ಚುಕ್ಕಿ. ಮೊದಲು ಬಯಲಾದದ್ದು ಕೋಲುಗಳ ಬಂಡವಾಳ. ನೂರೈವತ್ತು ಗಜ ಹೋಗುತ್ತದೆ ಅಂತ ಅಕ್ಕ ನಂಬಿದ್ದ ಕೋಲು ನಿಜಕ್ಕೂ ಹೋಗುತ್ತಿದ್ದದ್ದು ನೂರಮೂವತ್ತು. "ಯಾವತ್ತೋ ಗಾಳಿ ಹಿಂದಿನಿಂದ ತಳ್ಳಿತ್ತು. ಒಂದು ಸಲ ಹೋದದ್ದನ್ನೇ ದಿನಾ ಹೋಗುತ್ತೆ ಅಂದ್ಕೊಂಡಿದ್ದೆ ನೋಡಿ, ಎಂಥ ಪೆದ್ದಿ!"

ಆಮೇಲಿನದು ನಿಜವಾದ ಜಗಳ. ಚೆಂಡು ಉರುಳಿಸುವುದರಲ್ಲಿ ಅಕ್ಕ ಸೋಲುತ್ತಲೇ ಇರಲಿಲ್ಲ. ಸೋಲುತ್ತಿದ್ದದ್ದು ಅದಕ್ಕಿಂತ ಒಂದು ಹೆಜ್ಜೆ ಮುಂಚೆ, ದೂರದಿಂದ ಗ್ರೀನಿಗೆ ಹೊಡೆಯುವಾಗ. ಚುಕ್ಕಿಗಳೆಲ್ಲ ಬಾವುಟದ ಬದಿಯ ಕಿರಿದಾದ ಅಂಚಿನಲ್ಲಿ, ಅಡ್ಡಿಗೆಂದೇ ಅಲ್ಲಿ ಹಾಸಿದ ಮರಳಿನಲ್ಲಿ ಗುಂಪು ಕಟ್ಟಿದ್ದವು. ಭಾನುವಾರ ಸದಸ್ಯರ ಪಂದ್ಯ ಇರುತ್ತದೆ, ಅವತ್ತು ಗುಂಡಿಯನ್ನು ಬೇಕೆಂದೇ ಅಂಚಿಗೆ ತೋಡಿಸುತ್ತಾರೆ. ಸೋಮವಾರ ಅದು ಅಲ್ಲೇ ಇರುತ್ತದೆ. ಬೇರೆಯವರು ಅಂಥ ಕಡೆ ಹುಷಾರಾಗಿ ನಡುವಿಗೆ ಹೊಡೆಯುತ್ತಾರೆ. ಅಕ್ಕ ಮಾತ್ರ ಸೀದಾ ಬಾವುಟಕ್ಕೆ. "ನಾನೇ ತೋಡಿದ ಗುಂಡಿ. ಅಲ್ಲಿನ ಏರಿಳಿತ ನನ್ನ ಅಂಗೈಗೆ ಗೊತ್ತು. ನಾನ್ಯಾಕೆ ಹೆದರಲಿ ಅಂತ ಒಂದು ಕೊಬ್ಬು."

ನಾದಿನಿ ಹೇಳಿದ್ದು ಇಷ್ಟೇ. "ಅತ್ತಿಗೆ, ನೀವು ಬಾವುಟ ನೋಡೋದು ಬಿಡಿ. ಗ್ರೀನಿನ ನಡುವಿಗೆ ಹೊಡೀರಿ."

"ಅದನ್ನ ನನಗೆ ಹೇಳ್ತೀಯೇನೇ? ಯಾವತ್ತಾದ್ರೂ ಒಂದು ಗುಂಡಿ ತೋಡಿದ್ಯಾ ನೀನು?"

"ತೋಡಿಲ್ಲ. ಅದಕ್ಕೇ ನನಗೆ ಅದರ ಮೇಲೆ ಮೋಹ ಇಲ್ಲ."

ಒಂದು ವಾರ ಮನೆಯಲ್ಲಿ ಇಬ್ಬರೂ ಪಾತ್ರೆಗಳನ್ನು ಕುಕ್ಕಿದ್ದೇ ಕುಕ್ಕಿದ್ದು. ಮುಂದಿನ ಸೋಮವಾರ ಅಕ್ಕ ಹಲ್ಲು ಕಚ್ಚಿಕೊಂಡು, ನಾದಿನಿ ಹೇಳಿದ್ದು ಸುಳ್ಳು ಅಂತ ಸಾಧಿಸುವುದಕ್ಕೇ, ಪ್ರತಿ ಸಲವೂ ನಡುವಿಗೆ ಹೊಡೆದರು. ಐದು ಹೊಡೆತ ಕಡಿಮೆಯಾಯಿತು. ಅದರ ಮುಂದಿನ ವಾರ ಆರು. ಮರಳಿಗೆ ಬಿದ್ದರೆ ಅಕ್ಕ ಇವತ್ತಿಗೂ ಒದ್ದಾಡುತ್ತಾರೆ, ಆದರೆ ಈಗ ಬೀಳುವುದೇ ಅಪರೂಪ. "ಬರೀ ಬುದ್ಧಿಮಾತು ಆಗಿದ್ರೆ ಕೇಳ್ತಿರಲಿಲ್ಲ. ಚುಕ್ಕಿ ಎದುರಿಗಿತ್ತಲ್ಲ, ಚುಕ್ಕಿ ಜೊತೆ ಹೇಗೆ ಜಗಳ ಆಡೋದು?"

ಈಗ ತಿಳಿಯಿತಲ್ಲ, ತಕರಾರು ಕೇಳಿ ಅಕ್ಕ ಯಾಕೆ ನಕ್ಕರು ಅಂತ. ಗುಂಡಿ ಗೊತ್ತಿದ್ದದ್ದರಿಂದ ಲಾಭ ಅಂತ ಸದಸ್ಯರು ಅಂದರೆ, ಅದರಿಂದಲೇ ಇಷ್ಟು ವರ್ಷ ನಷ್ಟ ಅಂತ ಲೆಕ್ಕ ಹೇಳುತ್ತದೆ! ಅಕ್ಕ ಫೋನು ಹಿಡಿದು ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಹೋದರು. ಕಾರ್ಯದರ್ಶಿ ಕೆಟ್ಟವರೇನಲ್ಲ, ಸದಸ್ಯರನ್ನು ಎದುರು ಹಾಕಿಕೊಳ್ಳುವ ಎದೆ ಇಲ್ಲ, ಅಷ್ಟೇ. ಚುಕ್ಕಿಗಳನ್ನು ನೋಡಿದರು, ತಲೆದೂಗಿದರು. ಕೊನೆಗೆ, "ನೋಡಮ್ಮಾ, ಗುಂಡಿ ಕೆಲಸ ಬಿಟ್ಟು ಶೆಡ್ಡಿನಲ್ಲಿ ಮಿಷನ್ನು ತೊಳೆಯೋಕೆ ಹೋಗು, ಇಲ್ಲಾಂದ್ರೆ ಹೆಸರು ವಾಪಸ್ ತಗೋ. ಎರಡರಲ್ಲಿ ಒಂದು" ಅಂದರು.

"ಎರಡೂ ಆಗಲ್ಲ ಸಾರ್" ಅಂದರು ಅಕ್ಕ. "ಕೆಲಸ ಬಿಡೋಕೆ ನಾನೇನು ತಪ್ಪು ಮಾಡಿದೀನಿ? ಹೆಸರು ತೆಗಿಯೋಕೆ ತಕ್ಕ ಅಂಕ ತೋರಿಸಿಲ್ವಾ ನಾನು? ಅವತ್ತೊಂದು ದಿನ ಬೇರೆಯವರ ಕೈಲಿ ತೋಡಿಸಿ. ನನ್ನ ಸರದಿ ಬರೋ ತನಕ ಒಳಗೆ ಬಿಡಬೇಡಿ. ಆಮೇಲೂ ಮೋಸ ಅಂದ್ರೆ ಎದುರಿಗೆ ಬಂದು ಹೇಳ್ಲಿ." ಕ್ಲಬ್ಬಿನ ಸಮಿತಿಯ ಸಭೆಗೂ ನಾದಿನಿಯನ್ನು ಕರೆದುಕೊಂಡು ಹೋಗಿ, ಕೂತುಕೊಳ್ಳಿ ಅಂತ ಯಾರೂ ಹೇಳದಿದ್ದರೂ ಕುರ್ಚಿ ಎಳೆದುಕೊಂಡು ಕೂತು, ಇದನ್ನೇ ಹೇಳಿ ಬಂದರು.

ನಾನು ಈ ಲೇಖನ ಬರೆಯುವ ಹಿಂದಿನ ದಿನ ಸಮಿತಿ ಒಪ್ಪಿದೆ. ಸ್ಪರ್ಧೆಯ ದಿನ ಗುಂಡಿ ತೋಡುವವರು ಬೇರೆ. ಮತ್ತೆ ನೋಡಿ, ಎಲ್ಲ ಗುಂಡಿಗಳನ್ನೂ ಅತ್ಯಂತ ಕಷ್ಟದ ಜಾಗದಲ್ಲೇ ತೋಡಬೇಕು ಅಂತ ತಕರಾರಿನವರು ಪಟ್ಟು ಹಿಡಿದಿದ್ದಾರಂತೆ. ಸಣ್ಣತನಕ್ಕೂ ಒಂದು ಮಿತಿ ಬೇಡವೇ? ಅಕ್ಕನಿಗೆ ಹೇಳಿದರೆ ಭುಜ ಕುಣಿಸುತ್ತಾರೆ. "ತೋಡ್ಲಿ. ನಾನು ಆ ಕಡೆ ನೋಡೋದೇ ಇಲ್ಲವಲ್ಲ."

ಒಂದೇ ಒಂದು ವಿಷಯ ಇತ್ಯರ್ಥವಾಗಿಲ್ಲ. ಆಟ ಶುರುವಾಗುವಾಗ ಪ್ರತಿಯೊಬ್ಬರ ಹೆಸರು, ಅವರ ಕ್ಲಬ್ಬು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಅಕ್ಕನಿಗೆ ಕ್ಲಬ್ಬಿಲ್ಲ. 'ಅತಿಥಿ' ಅಂತ ಹಾಕೋಣ, ಮರ್ಯಾದೆಯಾಗಿರುತ್ತದೆ ಅಂತ ಕಾರ್ಯದರ್ಶಿ ಸಲಹೆ ಕೊಟ್ಟಿದ್ದಾರೆ. ಅದಕ್ಕೇನಂತೀರಿ ಅಂದೆ. ಕೊಳವೆಯ ಬಾಯಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದವರು ತಲೆ ಎತ್ತಿದರು.

"ಯಾರ ಮನೆಗೆ ಅತಿಥಿ ನಾನು? ಇಲ್ಲಿ ಗುಂಡಿ ತೋಡೋಳು ಅಂತಲೇ ಕೂಗ್ಲಿ, ಜೋರಾಗಿ ಕೂಗ್ಲಿ. ಹಿಂದಿನ ದಿನದ ತನಕ ನಾನೇ ತೋಡಿರ್ತೀನಿ, ಮಾರನೇ ದಿನದಿಂದ ಮತ್ತೆ ನಾನೇ ತೋಡ್ತೀನಿ. ನಡುವೆ ಒಂದು ದಿನ ಆಡ್ತೀನಿ."