ವಿಭೂತಿ ಮೀನು, ಕಡಲ ಹೂವು

ಅಣ್ಣಿಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಉಪ್ಪುನೀರಿನ ಮೀನು ಸಾಕುತ್ತೇನೆಂದಾಗ ಇಡೀ ಓಣಿ ನಕ್ಕಿತು. "ಉಪ್ಪು ಯಾಕ ತರ್ತೀರಿ ಟೀಚರ್? ನಮ್ಮ ಬೋರಿನ ನೀರ ಸಾಲೂದಿಲ್ಲೇನು?" ಎಂದರು ಎದುರುಮನೆಯವರು. ನಮ್ಮ ನೆಲದ ಸವಳು ಬೇರೆ, ಸಮುದ್ರದ ಉಪ್ಪು ಬೇರೆ. ಶಾಲೆಯಲ್ಲಿ ವಿಜ್ಞಾನ ಹೇಳಿ ಹೇಳಿ ಸಾಕಾಗಿರುತ್ತದೆ. ಓಣಿಯಲ್ಲೂ ಪಾಠ ಯಾರು ಮಾಡುತ್ತಾರೆ? ಫಿಲ್ಟರ್ ನೀರಿಗೆ ಹುಬ್ಬಳ್ಳಿಯಿಂದ ತಂದ ಸಮುದ್ರದ ಉಪ್ಪು ಕಲಸಿ, ಆರು ತಿಂಗಳು ಕಾದು ತೊಟ್ಟಿಯನ್ನು ಹದಕ್ಕೆ ತಂದೆ. ಆಗುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಆ ಕೆಲಸ ನನ್ನನ್ನು ಬಿಡುವುದಿಲ್ಲ.

ಮೊದಲು ಬಂದವು ಎರಡು ಕ್ಲೌನ್ ಮೀನು, ಒಂದು ದೊಡ್ಡದು, ಒಂದು ಸಣ್ಣದು. ಕಿತ್ತಳೆ ಮೈ, ಅದರ ಮೇಲೆ ಮೂರು ಬಿಳಿ ಪಟ್ಟೆ. ಮನೆಯಲ್ಲಿ ಮೀನೇ ಎಂದು ಮುಖ ಗಂಟಿಕ್ಕಿದ್ದ ಅತ್ತೆ ಅವನ್ನು ನೋಡಿದ್ದೇ ಕರಗಿಹೋದರು. "ಕಾವಿ ಉಟ್ಟಾವ, ಮ್ಯಾಲ ಮೂರ ಗೆರಿ ವಿಭೂತಿ ಹಚ್ಚ್ಯಾವ. ಥೇಟ್ ಶರಣರ ನೋಡ" ಎಂದರು. ಅಂದಿನಿಂದ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆಂದರೆ ಮೊದಲು ಡಬ್ಬಿಯಿಂದ ಎರಡು ಚಿಟಿಕೆ ಕಾಳು ಮೀನಿಗೆ, ಆಮೇಲೆಯೇ ತಮಗೆ ಚಹಾ. ಆ ಕಾಳು ಯಾವುದರದ್ದೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಮುದ್ರದಲ್ಲಿ ಈ ಮೀನುಗಳ ಮನೆ ಎನಿಮೋನ್. ನೋಡಲು ಹೂವು, ಆದರೆ ಪ್ರಾಣಿ. ಅದರ ಎಸಳುಗಳು ಬೇರೆ ಮೀನುಗಳನ್ನು ಕುಟುಕುತ್ತವೆ, ಇವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ನಮ್ಮ ಜೋಡಿ ತೊಟ್ಟಿಯಲ್ಲೇ ಹುಟ್ಟಿದ್ದು, ಅದನ್ನು ಕಂಡೇ ಇರಲಿಲ್ಲ. ನೀರು ತಿರುಗಿಸುವ ಪಂಪಿಗೆ ಒತ್ತಿಕೊಂಡು ಮಲಗುತ್ತಿದ್ದವು. ಇವಕ್ಕೊಂದು ಮನೆ ಮಾಡಿಕೊಡಲೇಬೇಕು ಎಂದು ಹಟ ಹಿಡಿದು ಒಂದು ಎನಿಮೋನ್ ತರಿಸಿದೆ.

ಬಂದದ್ದು ಬೆಳ್ಳಗೆ ಬಿಳಿಚಿಕೊಂಡ ಮುದ್ದೆ. ಅಂಗಡಿಯಲ್ಲಿ ಬೆಳಕು ಸಾಲದೆ ಬಣ್ಣ ಬಿಟ್ಟಿತ್ತು. ಅಂಗಡಿಯವರು ಫೋನಿನಲ್ಲಿ ಹೇಳಿದರು: "ವಾರಕ್ಕ ಎರಡ ಸಲ ಸಿಗಡಿ ಹಾಕ್ರಿ, ಬಟಾಣಿಯಷ್ಟ. ಇಲ್ಲಾಂದ್ರ ಉಳಿಯೂದಿಲ್ರಿ."

ತಲೆತಲಾಂತರದಿಂದ ಲಿಂಗ ಕಟ್ಟಿಕೊಂಡು ಬಂದ ಮನೆ ನಮ್ಮದು. ಮೊಟ್ಟೆ ಹಾಕಿದ ಬಿಸ್ಕೀಟು ಕೂಡ ಹೊಸ್ತಿಲು ದಾಟಿದ್ದಿಲ್ಲ. ವಿಜ್ಞಾನದ ಟೀಚರಾದ ನಾನು ಆಗ ಮಾಡಿದ ಕೆಲಸ ಕೇಳಿದರೆ ನನ್ನ ಶಾಲೆಯ ಮಕ್ಕಳು ತರಗತಿಯಲ್ಲೇ ನಕ್ಕಾರು: ಆ ಪ್ರಾಣಿಯನ್ನು ಸಸ್ಯಾಹಾರಿ ಮಾಡಹೊರಟೆ. ನೆನೆಸಿದ ಹೆಸರುಬೇಳೆ ಕೊಟ್ಟೆ, ಉಗುಳಿತು. ಬೇಯಿಸಿದ ಪಾಲಕ್ ಕೊಟ್ಟೆ, ಅದನ್ನೂ ಉಗುಳಿತು. ಎರಡು ವಾರದಲ್ಲಿ ಅದು ನಿಂಬೆಹಣ್ಣಿನಷ್ಟು ಕುಗ್ಗಿ ಬಾಯಿ ತೆರೆದುಕೊಂಡು ಬಿತ್ತು. ಸಾಯುವ ಲಕ್ಷಣ ಅದು.

ಕೊನೆಗೆ ಬಾಜು ಮನೆಯ ಚಾಚಿಯ ಹತ್ತಿರ ಹೋಗಿ ಸಿಗಡಿಯ ಮಾತೆತ್ತಿದೆ. "ಇಷ್ಟೇ ಏನವಾ? ನಮ್ಮ ಫ್ರಿಜ್ಜಿನಾಗ ಇರಲಿ ಬಿಡು, ನಾ ಹೆಚ್ಚಿ ಕೊಡತೀನಿ" ಎಂದರು ಚಾಚಿ. ನಮ್ಮ ಹಿತ್ತಲ ಬಾಗಿಲಿನಿಂದ, ಅಡುಗೆಮನೆ ಹಾಯ್ದು, ಸೆರಗಿನಡಿ ಪುಟ್ಟ ಸ್ಟೀಲ್ ಡಬ್ಬಿ ಹಿಡಿದು ಕಳ್ಳಿಯಂತೆ ಬಂದೆ. ಎರಡನೆಯ ಸಲವೇ ಅತ್ತೆಯ ಕೈಗೆ ಸಿಕ್ಕಿಬಿದ್ದೆ.

"ಒಲಿ ಮುಂದ ಹಾಯಿಸಿ ತಂದೀ? ಇದನ್ನ?"

ತಪ್ಪಾಯಿತು ಅನ್ನಬೇಕಿತ್ತು. ನನಗೆ ಸಿಟ್ಟು ಬಂತು. "ದಿನಾ ಪೂಜಿ ಮುಗಿಸಿ ನೀವ ಹಾಕತೀರಲ್ರಿ ಕಾಳು, ಅದೇನಂತ ಮಾಡೀರಿ? ಅದೂ ಮೀನಿನ ಪುಡೀನರಿ!" ಎಂದುಬಿಟ್ಟೆ.

ಅತ್ತೆ ತಮ್ಮ ಬಲಗೈಯನ್ನೇ ನೋಡಿಕೊಂಡರು. ಹೋಗಿ ಮತ್ತೊಮ್ಮೆ ಮೈ ತೊಳೆದುಕೊಂಡು ಬಂದು ಕೋಣೆಯಲ್ಲಿ ಕುಳಿತರು. ಅವತ್ತು ಉಣ್ಣಲಿಲ್ಲ. "ನಿಮ್ಮಿಬ್ಬರ ನಡುವ ನಾ ಬರಂಗಿಲ್ಲ" ಎಂದು ನನ್ನ ಗಂಡ ಪೇಪರಿನ ಹಿಂದೆ ಅಡಗಿದರು. ಮರುದಿನ ನಾನು ಕೋಣೆಗೆ ಹೋಗಿ ಅತ್ತೆಯ ಕಾಲು ಮುಟ್ಟಿದೆ.

"ಅದರ ಉಣಿಸು ಅದು ತಿನ್ನತೈತಿ, ಅದಕ್ಕ ನಾ ಏನೂ ಅನ್ನಂಗಿಲ್ಲ" ಎಂದರು ಅತ್ತೆ. "ನನಗ ತಿಳಿಸದ ನನ್ನ ಕೈಲೆ ಹಾಕಿಸಿದೆಲ್ಲ. ಅದೂ ಲಿಂಗಾ ಹಿಡದ ಕೈಲೆ."

ಆಮೇಲೆ ಅತ್ತೆ ಮೂರು ಮಾತು ಹೇಳಿದರು. ಡಬ್ಬಿ ಅಡುಗೆಮನೆ ಹಾಯಬಾರದು, ಮುಂದಿನ ಬಾಗಿಲಿನಿಂದ ಬರಬೇಕು. ಸಿಗಡಿ ಹಿಡಿಯುವ ಚಿಮಟ, ಬಟ್ಟಲು ಬೇರೆ ಇರಬೇಕು. ಸೋಮವಾರ ಕೂಡದು. ಎಲ್ಲದಕ್ಕೂ ಹೂಂ ಅಂದೆ. ಅಂದಿನಿಂದ ಅತ್ತೆ ಪಡಸಾಲೆಯಲ್ಲಿ ನಿಲ್ಲುವುದು ಬಿಟ್ಟರು. ನನ್ನೊಂದಿಗೆ ಬೇಕು ಬೇಡ ಇಷ್ಟೇ ಮಾತು. ಒಂದು ಮನೆಯಲ್ಲಿ ಎರಡು ಹೆಂಗಸರು ಹಾಗಿರುವುದು ಎಷ್ಟು ಕಷ್ಟ ಎಂದು ಇದ್ದವರಿಗೇ ಗೊತ್ತು.

ಆದರೂ ನಾನು ಕೈಬಿಡಲಿಲ್ಲ. ಇಷ್ಟು ಮನಸ್ಸು ಮುರಿದ ಮೇಲೆ ಅದನ್ನು ಸಾಯಗೊಟ್ಟರೆ ಯಾವುದೂ ದಕ್ಕುವುದಿಲ್ಲವಲ್ಲ. ಮಂಗಳವಾರ, ಶನಿವಾರ ಶಾಲೆ ಬಿಟ್ಟ ಮೇಲೆ ಚಾಚಿಯ ಮನೆ, ಮುಂದಿನ ಬಾಗಿಲು, ಚಿಮಟ. ಎಸಳುಗಳು ತುಣುಕನ್ನು ಹಿಡಿದು ನಿಧಾನವಾಗಿ ಒಳಗೆಳೆದುಕೊಳ್ಳುವ ತನಕ ಕೈ ನೋಯುತ್ತಿದ್ದರೂ ಹಿಡಿದೇ ಇರುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಬಿಳಿ ಹೋಗಿ ಬೆಲ್ಲದ ಬಣ್ಣ ಬಂತು, ತಟ್ಟೆಯಗಲ ಅರಳಿತು. ಮೀನುಗಳು ಮಾತ್ರ ಅತ್ತ ತಿರುಗಿಯೂ ನೋಡಲಿಲ್ಲ. ಅವುಗಳ ಕಾಳನ್ನು ದಿನಕ್ಕಿಷ್ಟಿಷ್ಟು ಎನಿಮೋನಿನ ಹತ್ತಿರ ಸರಿಸಿ ಹಾಕುತ್ತ ಬಂದೆ. ತಿಂದು ಮತ್ತೆ ಪಂಪಿನ ಬುಡಕ್ಕೇ ಓಡುತ್ತಿದ್ದವು. "ಸಾಕ ಬಿಡ ಇನ್ನ" ಎಂದರು ಗಂಡ. ನಾನು ಬಿಡಲಿಲ್ಲ.

ಒಂದು ದಿನ ಮೂರನೆಯ ಪಿರಿಯಡ್ಡಿನಲ್ಲಿ ಸ್ಟಾಫ್ ರೂಮಿನಲ್ಲಿ ಕುಳಿತಿದ್ದಾಗ ಅತ್ತೆಯ ಫೋನು ಬಂತು. ಅವರು ನನಗೆ ಎಂದೂ ಫೋನು ಮಾಡಿದವರಲ್ಲ. ಎನಿಮೋನ್ ಸತ್ತಿತೆಂದೇ ತಿಳಿದೆ.

"ಏನಾತ್ರಿ ಅತ್ತ್ಯಾರ?"

"ದೊಡ್ಡದು ಹೂವಿನಾಗ ಹೋತ ನೋಡವಾ! ಮೊದಲ ಬಾಲಾ ತಾಗಿಸ್ತು, ಓಡಿತು. ಮತ್ತ ಬಂತು. ಈಗ ಬರೇ ಮಾರಿ ಅಷ್ಟ ಕಾಣಸ್ತೈತಿ. ಸಣ್ಣದು ಸುತ್ತ ತಿರಗಾಕತ್ತೈತಿ."

"ನೀವು ಪಡಸಾಲ್ಯಾಗ ಅದೀರೇನ್ರಿ?"



"ನೀ ಸಾಲಿಗೆ ಹೋದ ಮ್ಯಾಲ ದಿನಾ ಇಲ್ಲೇ ಕುಂಡರತೀನಿ. ಮತ್ತ್ಯಾರ ನೋಡಬೇಕ ಅದನ್ನ?"

ಮೀನು ಮನೆ ಸೇರಿದ್ದಕ್ಕಲ್ಲ, ಅತ್ತೆ ಇಷ್ಟು ಮಾತಾಡಿದ್ದಕ್ಕೆ ನನಗೆ ಅಳು ಬಂತು. ಪಕ್ಕದ ಹಿಂದಿ ಟೀಚರು ಗಾಬರಿಯಾಗಿ ನೀರು ಕೊಟ್ಟರು. ಫೋನು ಕಿವಿಗೆ ಹಿಡಿದುಕೊಂಡೇ ಆ ನೀರು ಕುಡಿದೆ.

"ಕೇಳಸ್ತೈತಿಲ್ಲೋ?" ಎಂದರು ಅತ್ತೆ. "ಇವತ್ತ ಮಂಗಳವಾರ ಐತಿ, ಮತ್ತ ಮರತೀ. ಬರೂಮುಂದ ಚಾಚಿ ಮನೀಗೆ ಹೋಗೇ ಬಾ."