ಗೊಗ್ಗರು ದನಿಯ ಸೆಟ್ಟು

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಹಲ್ಲು ಉದುರಿದ್ದವು, ಮಂಡಿ ಕೈಕೊಟ್ಟಿತ್ತು, ಗಂಟಲು ಮಾತ್ರ ಗಟ್ಟಿಯಾಗಿತ್ತು. ನಮ್ಮ ಮನೆಯ ಟೇಪ್‌ರೆಕಾರ್ಡರಿನದು ಇದಕ್ಕೆ ತಿರುಗಾಮುರುಗಾ. ಮೈಯೆಲ್ಲ ಫಳಫಳ, ಗಂಟಲು ಕೆಟ್ಟಿತ್ತು.

ರೇಡಿಯೋ, ಟೇಪು ಎರಡೂ ಇರೋ ಮೊಳದುದ್ದದ ಸೆಟ್ಟು ಅದು. ಸೊಸೆ ಭಾಗ್ಯನ ಮದುವೆಯಲ್ಲಿ ಅವಳ ತವರಿನವರು ಮಧುಗಿರಿಯಿಂದ ತಂದುಕೊಟ್ಟದ್ದು. ಹೊಸತರಲ್ಲಿ ಕಸೂತಿ ಬಟ್ಟೆ ಹೊದ್ದು ನಡುಮನೆಯಲ್ಲಿ ಕೂತಿತ್ತು. ಟೀವಿ ಬಂದ ಮೇಲೆ ಅಟ್ಟಕ್ಕೆ ಹೋಯ್ತು. ಅಟ್ಟದಲ್ಲಿ ಇಲಿ ಅದರ ಸ್ಪೀಕರಿನ ಕಾಗದ ಕಡಿದು ಹಾಕಿತು. ಅಲ್ಲಿಂದ ಅದರ ದನಿ, ಗೂರಲು ಹತ್ತಿದ ಮುದುಕ ಜಗಳಕ್ಕೆ ನಿಂತಂಗೆ. ಹವಾಮಾನ ಹೇಳೋಳು ಬಾಯಿ ತೆಗೆದರೂ ಬೈದಂಗೇ ಕೇಳೋದು.

ಮನೆಗೆ ಬೇಡವಾದದ್ದು ಹೊಲಕ್ಕೆ ಬೇಕಾಯ್ತು. ನಮ್ಮ ಹೊಲ ಇರೋದು ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿಗೆ. ಕಡ್ಲೇಕಾಯಿ ಬಲಿತದ್ದು ನಮಗಿಂತ ಮೊದಲು ಕಾಡುಹಂದಿಗೆ ಗೊತ್ತಾಗುತ್ತೆ. ಒಂದು ಹಿಂಡು ನುಗ್ಗಿದರೆ ಹೊಲ ನೇಗಿಲು ಹೊಡೆದಂಗಿರುತ್ತೆ. ಅದಕ್ಕೇ ನಮ್ಮ ಕಡೆ ಸಂಜೆಗೆ ಹೊಲದಲ್ಲಿ ರೇಡಿಯೋ ಹಚ್ಚಿಟ್ಟು ಬರ್ತೀವಿ. ಯಾರೋ ಮಾತಾಡ್ತಾ ಕೂತವ್ರೆ ಅಂತ ಹಂದಿ ತಿಳ್ಕೊಳ್ಳಲಿ ಅಂತ. ಊರವರ ರೇಡಿಯೋಗಳಿಗೆ ಹಂದಿ ಒಗ್ಗಿಹೋಗಿದ್ದವು. ನಮ್ಮ ಹೊಲಕ್ಕೆ ಮಾತ್ರ ಒಂದೂ ಕಾಲಿಡ್ತಿರಲಿಲ್ಲ. ಹೊಲದ ದೇವರು ಮುನಿಯಪ್ಪನೇ ಕಾಯ್ತಾನೆ ಅಂದ್ಕೊಂಡು ವರ್ಷವರ್ಷ ಅವನಿಗೆ ಕೋಳಿ ಕೊಡ್ತಿದ್ದೆ.

ಆ ವರ್ಷ ಕಾಯಿ ಬಲಿಯೋ ಹೊತ್ತಿಗೆ ಸರಿಯಾಗಿ ಸೆಟ್ಟು ಪ್ರಾಣ ಬಿಟ್ಟಿತು.

"ಅತ್ತೆ, ಅದನ್ನ ಗುಜರಿಗೆ ಹಾಕ್ಬುಡಿ," ಅಂದಳು ಭಾಗ್ಯ. "ಈಗ ಬ್ಲೂಟೂತ್ ಬಾಕ್ಸು ಬಂದವೆ. ಅಂಗೈಯಗಲ."

"ನಿಮ್ಮಪ್ಪ ಕೊಟ್ಟದ್ದು ಕಣೇ."

"ನಮ್ಮಪ್ಪನೇ ಈಗ ಮೊಬೈಲಲ್ಲಿ ಕೇಳ್ತಾನೆ."

ಮುದುಕಿಯರು ಹಳೇ ಸಾಮಾನು ಬಿಡದಿರೋದು ನೆನಪಿಗೋಸ್ಕರ ಅಂತ ಜನ ತಿಳ್ಕೊಂಡಿರ್ತಾರೆ. ನನಗೆ ಆ ಕಾಯಿಲೆ ಇಲ್ಲ. ಗಂಡ ಸತ್ತ ತಿಂಗಳೇ ಅವನ ಕೋಟನ್ನು ಬೆದರುಬೊಂಬೆಗೆ ತೊಡಿಸಿದೋಳು ನಾನು. ಕೆಲಸಕ್ಕೆ ಬಂದರೆ ಇಟ್ಕೋ, ಬರದಿದ್ದರೆ ಬಿಡು. ಹೊಸ ಬಾಕ್ಸೂ ನೋಡೇಬಿಡಾಣ ಅಂತ ಒಪ್ಪಿದೆ.

ಭಾಗ್ಯ ಅವಳಣ್ಣನ ಬಾಕ್ಸು ತಂದಳು. ಹೊಲದ ಜಾಲಿಮರಕ್ಕೆ ನೇತುಹಾಕಿದೆವು. ಹಾಡಿತು. ಮನೆ ಕಡೆ ಹೊರಟೆವು, ಬೇಲಿ ದಾಟೋದರೊಳಗೆ ನಿಂತೋಯ್ತು. ವಾಪಸ್ ಹೋದೆವು, ಹಾಡಿತು. ಬಂದೆವು, ನಿಂತಿತು. ಇಂಗೇ ಒಂದಷ್ಟು ಸಲ ಓಡಾಡಿದ ಮೇಲೆ ಭಾಗ್ಯನಿಗೆ ಹೊಳೀತು. ಫೋನು ಅವಳ ಸೊಂಟದಲ್ಲಿತ್ತು. ಬಾಕ್ಸು ಹಾಡಬೇಕಾದರೆ ಫೋನು ಪಕ್ಕದಲ್ಲೇ ಇರಬೇಕಂತೆ.

"ಅಂಗಾದ್ರೆ ಫೋನೂ ಇಲ್ಲೇ ಬುಟ್ಬಾ," ಅಂದೆ.

"ಬೇಕಾದ್ರೆ ನನ್ನನ್ನೇ ಬುಟ್ಟೋಗಿ," ಅಂದಳು.

ಎಳೇ ಕೂಸು ಇದಕ್ಕಿಂತ ವಾಸಿ. ಅವ್ವ ಮರೆಯಾದರೆ ಅಳುತ್ತೆ, ಸದ್ದಾದರೂ ಬರುತ್ತೆ.

ಸರಿ, ಹಳೇ ಸೆಟ್ಟನ್ನು ಚೀಲಕ್ಕೆ ಹಾಕ್ಕೊಂಡು ಶಿರಾ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯ ಬಾಷಾ ಬಿಚ್ಚಿ ನೋಡಿ, "ಫಿಕರ್ ಮಾಡ್ಬೇಡಿ ಅಮ್ಮಾ, ಜೀವ ಐತೆ," ಅಂದ. ಸಂತೆ ಮುಗಿಸಿ ಬರೋದರೊಳಗೆ ಸೆಟ್ಟು ಹಾಡ್ತಿತ್ತು. ಹಾಡಲಿ ಅಂತ ಮಾತ್ರ ನಾನು ಹೇಳಿದ್ದು. ಅವನು ಇಲಿ ಕಡಿದ ಸ್ಪೀಕರನ್ನೂ ಕಿತ್ತು ಹೊಸದು ಕೂರಿಸಿದ್ದ.

"ಆ ಆವಾಜು ಕೇಳಿ ನಂಗೇ ಶರಮ್ ಆಯ್ತು," ಅಂದ.

ದನಿ ಜೇನು ಸುರಿದಂಗಿತ್ತು. ಬಸ್ಸಿನಲ್ಲಿ ಹಚ್ಚಿಕೊಂಡೇ ಬಂದೆ, ಕಂಡಕ್ಟರು ಚೀಟಿ ಹರೀತಾ ತಲೆ ಆಡಿಸಿದ. ಸಂಜೆ ಹೊಲದಲ್ಲಿಟ್ಟೆವು.

ಬೆಳಿಗ್ಗೆ ಹೋಗಿ ನೋಡಿದರೆ ಕಾಡಿನ ಕಡೆಯ ಸಾಲೆಲ್ಲ ಬುಡಮೇಲು. ಸೆಟ್ಟು ಇನ್ನೂ ಹಾಡ್ತಾನೇ ಇತ್ತು. ಅದರ ಸುತ್ತಲೇ ಕಾಯಿಸಿಪ್ಪೆ ಹರಡಿತ್ತು.

"ಪದ ಕೇಳ್ತಾ ಉಂಡೋಗವೆ ಅತ್ತೆ," ಅಂದಳು ಭಾಗ್ಯ. ನಗೋ ಹೊತ್ತಲ್ಲ, ಆದರೂ ನಕ್ಕೆವು. ಉಳಿದದ್ದೂ ಹೋದರೆ ಬಿತ್ತನೆಬೀಜಕ್ಕೂ ಇನ್ನೊಬ್ಬರ ಬಾಗಿಲಿಗೆ ನಿಲ್ಲಬೇಕು. ಆ ಬಾಗಿಲು ನನ್ನ ಓರಗಿತ್ತಿಯದು. ಅವಳ ಮುಖ ನೋಡೋಕ್ಕಿಂತ ಹಂದಿ ಮುಖ ವಾಸಿ.

ಅವತ್ತೆಲ್ಲ ಮಣ್ಣಿನಲ್ಲಿ ಉಳಿದ ಕಾಯಿ ಆಯ್ತಾ ಯೋಚನೆ ಮಾಡಿದೆ. ಹಂದಿ ಹೆದರ್ತಿದ್ದದ್ದು ಮುನಿಯಪ್ಪನಿಗಲ್ಲ, ಆ ಗೊಗ್ಗರು ದನಿಗೆ. ಅಷ್ಟು ವರ್ಷ ಮುನಿಯಪ್ಪನಿಗೆ ಕೊಟ್ಟ ಕೋಳಿಯೆಲ್ಲ ನ್ಯಾಯವಾಗಿ ಇಲಿಗೆ ಸಲ್ಲಬೇಕಿತ್ತು. ನಮ್ಮತ್ತೆಯದೂ ಇಂಥದೇ ಗಂಟಲು. ಅವಳಿರೋತನಕ ಹಿತ್ತಲ ಸೀಬೆಹಣ್ಣು ಒಂದೂ ಕಳುವಾಗಲಿಲ್ಲ. ಆ ಗಂಟಲು ನೆಟ್ಟಗಾಗಲಿ ಅಂತ ನನ್ನ ಗಂಡ ಅವಳಿಗೆ ಕುಡಿಸಿದ ಕಷಾಯಕ್ಕೆ ಲೆಕ್ಕವಿಲ್ಲ. ಕುಡಿದೂ ಕುಡಿದೂ ಸದ್ಯ ವಾಸಿಯಾಗಲಿಲ್ಲ.

ಆ ರಾತ್ರಿ ಮಗ ತಗಡು ಬಡೀತಾ ಹೊಲ ಕಾದ. ಮಾರನೇ ಬೆಳಿಗ್ಗೆ ನಾನು ಎದ್ದೋಳೇ, ಚೀಲ ಹೊಲಿಯೋ ದಬ್ಬಳ ತಗೊಂಡು ಹೊಸ ಸ್ಪೀಕರಿನ ಕಾಗದಕ್ಕೆ ಇಲಿ ಮಾಡಿದಂಗೇ ಚುಚ್ಚಿ ಚುಚ್ಚಿ ಹರಿದೆ. ಬಾಷಾನಿಗೆ ಹೇಳಬೇಡಿ, ನೊಂದ್ಕೊತಾನೆ. ಮುಚ್ಚಳ ಹಾಕಿ ಗುಂಡಿ ತಿರುವಿದೆ. ಗೊರ್ ಅಂತು. ತಿಪ್ಪೆ ಕೆದಕ್ತಿದ್ದ ಕೋಳಿಗಳೆಲ್ಲ ಬೇಲಿ ಹಾರಿದವು. ಸೆಟ್ಟನ್ನು ಕಂಕುಳಲ್ಲಿ ಇಟ್ಕೊಂಡು ಹೊಲಕ್ಕೆ ನಡೆದೆ.